ಅರ್ಮೇನಿಯನ್ ಗ್ರಾಮಸಮುದಾಯಗಳ ನಾಶ ಮತ್ತು ಸ್ಮೃತಿಗ್ರಂಥ ಪರಂಪರೆ

1. ಪೀಠಿಕೆ

ಟರ್ಕಿ ದೇಶದ ಪೂರ್ವಭಾಗದಲ್ಲಿರುವ ಎಲಾಜಿಗ್ ನಗರದ ಸಮೀಪ ಆಕ್ಚಾಕಿರಾಜ್ ಎಂಬ ಊರಿದೆ. ಒಂದು ಶತಮಾನದ ಹಿಂದೆ ಅದರ ಹೆಸರು ಪರ್ಚೆಂಜ್. ಆಗ ಈ ಪ್ರದೇಶವು ಆಟೋಮನ್ ಸಾಮ್ರಾಜ್ಯದ ಖರ್ಪೆರ್ತ್ ಪ್ರಾಂತ್ಯಕ್ಕೆ ಸೇರಿತ್ತು. ಪರ್ಚೆಂಜಿನಲ್ಲಿ ಹುಟ್ಟಿ ಅಮೆರಿಕಕ್ಕೆ ವಲಸೆ ಹೋಗಿದ್ದ ಮನೂಗ್ ಜೆರೋನ್ ಎಂಬವರು ತಮ್ಮ ಊರಿನ ಸಮಗ್ರ ಚರಿತ್ರೆಯನ್ನು ಅರ್ಮೇನಿಯನ್ ಭಾಷೆಯಲ್ಲಿ ರಚಿಸಿ 1938ರಲ್ಲಿ ಬಾಸ್ಟನ್ ನಗರದಲ್ಲಿ ಪ್ರಕಟಿಸಿದರು. ಗ್ರಂಥದ ಶೀರ್ಷಿಕೆಯಲ್ಲೇ ಅದರ ಕಾಲವ್ಯಾಪ್ತಿಯನ್ನು 1600ರಿಂದ 1937ರವರೆಗೆ ಎಂದು ಸೂಚಿಸಲಾಗಿದೆ.

ಈ ಎರಡನೆಯ ವರ್ಷ ಗಮನಾರ್ಹವಾದುದು. ಪರ್ಚೆಂಜಿನ ಅರ್ಮೇನಿಯನ್ ಸಮುದಾಯವು 1915ರ ಬೇಸಗೆಯಲ್ಲಿಯೇ ನಿರ್ಮೂಲವಾಗಿತ್ತು. ಹಾಗಿದ್ದೂ ಊರಿನ ಚರಿತ್ರೆ ಅಲ್ಲಿಗೆ ಮುಗಿಯಿತೆಂದು ಗ್ರಂಥಕಾರರು ಭಾವಿಸಲಿಲ್ಲ. ನೆಲದ ಮೇಲೆ ಇಲ್ಲವಾದ ಊರು ಊರವರಲ್ಲಿ ಮುಂದುವರಿಯುತ್ತದೆ ಎಂಬ ತಿಳಿವಳಿಕೆ ಆ ಒಂದು ವರ್ಷದ ನಮೂದಿನಲ್ಲಿದೆ. ಇಪ್ಪತ್ತನೆಯ ಶತಮಾನದಲ್ಲಿ ದೇಶಭ್ರಷ್ಟರಾದ ಅರ್ಮೇನಿಯನ್ನರು ಬಾಸ್ಟನ್, ನ್ಯೂಯಾರ್ಕ್, ಕೈರೋ, ಬೈರೂತ್, ಪ್ಯಾರಿಸ್ ಮೊದಲಾದ ನಗರಗಳಲ್ಲಿ ಇಂಥ ನೂರಾರು ಗ್ರಂಥಗಳನ್ನು ಹೊರತಂದರು. ಇವುಗಳಿಗೆ ‘ಹುಷಮದ್ಯಾನ್’ ಎಂದು ಹೆಸರು. ‘ಹುಷ್’ ಎಂದರೆ ನೆನಪು, ‘ಮದ್ಯಾನ್’ ಎಂದರೆ ಹೊತ್ತಗೆ. ಕನ್ನಡದಲ್ಲಿ ಇದನ್ನು ‘ಸ್ಮೃತಿಗ್ರಂಥ’ ಎನ್ನಬಹುದು.

ಸಾಮೂಹಿಕ ಹಿಂಸೆಗೆ ಗುರಿಯಾದ ಗ್ರಾಮಸಮುದಾಯವೊಂದು ತನ್ನ ನೆನಪನ್ನು ಯಾವ ಬಗೆಯಲ್ಲಿ ಕಟ್ಟಿಕೊಂಡಿತು, ಆ ನೆನಪಿಗೆ ಚರಿತ್ರೆಯ ಆಕರವಾಗುವ ಯೋಗ್ಯತೆ ಎಷ್ಟರಮಟ್ಟಿಗೆ ಇದೆ, ಅದರಲ್ಲಿ ಉಳಿದುಹೋದ ಮೌನಗಳು ಯಾವುವು ಎಂಬುದರ ವಿವೇಚನೆ ಪ್ರಸ್ತುತ ಪ್ರಬಂಧದ ಉದ್ದೇಶವಾಗಿದೆ.

2. ನಾಶದ ಎರಡು ಹಂತಗಳು

ಮೊದಲ ಮಹಾಯುದ್ಧಕ್ಕೆ ಮುನ್ನ ಆಟೋಮನ್ ಸಾಮ್ರಾಜ್ಯದಲ್ಲಿದ್ದ ಅರ್ಮೇನಿಯನ್ನರ ಸಂಖ್ಯೆಯ ಬಗೆಗೆ ಭಿನ್ನ ಲೆಕ್ಕಗಳಿವೆ. ಇಸ್ತಾಂಬುಲಿನ ಅರ್ಮೇನಿಯನ್ ಧರ್ಮಪೀಠವು 1913–14ರಲ್ಲಿ ಸಂಗ್ರಹಿಸಿದ ಅಂಕಿಅಂಶಗಳ ಪ್ರಕಾರ ಅದು ಸುಮಾರು 19 ಲಕ್ಷ. ಸರ್ಕಾರಿ ಗಣತಿಯ ಸಂಖ್ಯೆ ಇದಕ್ಕಿಂತ ಬಹಳ ಕಡಿಮೆ. ಧರ್ಮಪೀಠದ ದಾಖಲೆಗಳನ್ನು ಆಧರಿಸಿ ರೇಮೋಂ ಕೆವೋರ್ಕಿಯನ್ ಮತ್ತು ಪೋಲ್ ಪಬೂಜಿಯನ್ ಅವರು 1992ರಲ್ಲಿ ಪ್ಯಾರಿಸಿನಲ್ಲಿ ಪ್ರಕಟಿಸಿದ ಬೃಹತ್ ಅಧ್ಯಯನವು ಅರ್ಮೇನಿಯನ್ನರು ವಾಸವಾಗಿದ್ದ 2,925 ಊರುಗಳನ್ನೂ 2,538 ಚರ್ಚುಗಳನ್ನೂ 451 ಮಠಗಳನ್ನೂ 1,996 ಶಾಲೆಗಳನ್ನೂ ಗುರುತಿಸುತ್ತದೆ. ಈ ಊರುಗಳಲ್ಲಿ ಹೆಚ್ಚಿನವು ಕೃಷಿಯನ್ನು ನೆಚ್ಚಿದ ಹಳ್ಳಿಗಳು. ಆದುದರಿಂದ 1915ರ ದುರಂತವನ್ನು ಒಂದು ಜನಾಂಗದ ನಾಶವೆಂದು ಹೇಳುವಾಗ ಅದು ಸಾವಿರಾರು ಹಳ್ಳಿಗಳ ನಾಶವೂ ಆಗಿತ್ತೆಂಬುದನ್ನು ನೆನಪಿಡಬೇಕಾಗುತ್ತದೆ.

ಹಿಂಸೆಯ ಚರಿತ್ರೆ 1915ಕ್ಕಿಂತ ಹಳೆಯದು. 1894–96ರಲ್ಲಿ ಪೂರ್ವ ಪ್ರಾಂತ್ಯಗಳಲ್ಲಿಯೂ 1909ರಲ್ಲಿ ಆದಾನಾ ಪ್ರದೇಶದಲ್ಲಿಯೂ ವ್ಯಾಪಕ ಹತ್ಯೆಗಳು ನಡೆದಿದ್ದವು. 1915ರ ಏಪ್ರಿಲ್ 24ರಂದು ರಾಜಧಾನಿಯ ಅರ್ಮೇನಿಯನ್ ಲೇಖಕರು, ಅಧ್ಯಾಪಕರು ಮತ್ತು ಮುಖಂಡರ ಬಂಧನ ಆರಂಭವಾಯಿತು. ಮೇ ತಿಂಗಳ ಕೊನೆಯಲ್ಲಿ ಗಡೀಪಾರಿನ ಕಾನೂನು ಹೊರಬಿದ್ದಿತು. ಪೂರ್ವ ಪ್ರಾಂತ್ಯಗಳ ಅನೇಕ ಹಳ್ಳಿಗಳಲ್ಲಿ ಮೊದಲು ಗಂಡಸರನ್ನು ಬೇರ್ಪಡಿಸಿ ಕೊಲ್ಲಲಾಯಿತು. ಹೆಂಗಸರು, ಮಕ್ಕಳು ಹಾಗೂ ವೃದ್ಧರನ್ನು ಕಾಲ್ನಡಿಗೆಯಲ್ಲಿ ಸಿರಿಯಾದ ಮರುಭೂಮಿಯ ಕಡೆಗೆ ಅಟ್ಟಲಾಯಿತು. ದಾರಿಯಲ್ಲಿ ಕೊಲೆ, ಹಸಿವು ಮತ್ತು ರೋಗಗಳಿಂದ ಸತ್ತವರು ಅಸಂಖ್ಯ. ದೇರ್ ಎಜ್ ಜೋರ್ ತಲುಪಿದವರಲ್ಲಿಯೂ ಬದುಕುಳಿದವರು ಕೆಲವರೇ. ಸತ್ತವರ ಸಂಖ್ಯೆಯನ್ನು ಇತಿಹಾಸಕಾರರು ಆರು ಲಕ್ಷದಿಂದ ಹದಿನೈದು ಲಕ್ಷದವರೆಗೆ ಅಂದಾಜು ಮಾಡಿದ್ದಾರೆ. ಖರ್ಪೆರ್ತಿನಲ್ಲಿ ಅಮೆರಿಕದ ರಾಯಭಾರ ಪ್ರತಿನಿಧಿಯಾಗಿದ್ದ ಲೆಸ್ಲಿ ಡೇವಿಸ್ ಅವರು ಸಮೀಪದ ಗೋಲ್ಜೂಕ್ ಸರೋವರದ ದಂಡೆಗಳಲ್ಲಿ ಸಾವಿರಾರು ಶವಗಳನ್ನು ಕಣ್ಣಾರೆ ಕಂಡು ವರದಿ ಮಾಡಿದರು. ಆ ವರದಿ ಗ್ರಂಥರೂಪದಲ್ಲಿ ಪ್ರಕಟವಾದದ್ದು 1989ರಲ್ಲಿ. ಜನಾಂಗಹತ್ಯೆಯ ಪರಿಕಲ್ಪನೆಯನ್ನು 1944ರಲ್ಲಿ ರೂಪಿಸಿದ ನ್ಯಾಯಶಾಸ್ತ್ರಜ್ಞ ರಾಫೆಲ್ ಲೆಮ್ಕಿನ್ ಅವರ ಚಿಂತನೆಗೆ ಅರ್ಮೇನಿಯನ್ನರ ನಿದರ್ಶನ ಮುಖ್ಯ ಪ್ರೇರಣೆಗಳಲ್ಲಿ ಒಂದಾಗಿತ್ತು. ಟರ್ಕಿಯ ಸರ್ಕಾರ ಈ ಘಟನೆಗಳಿಗೆ ಆ ಪದವನ್ನು ಅನ್ವಯಿಸಲು ಇಂದಿಗೂ ಒಪ್ಪಿಲ್ಲ.

ಜನರ ನಾಶ ಮೊದಲ ಹಂತವಾದರೆ ಗುರುತುಗಳ ನಾಶ ಎರಡನೆಯದು. ಗಡೀಪಾರಾದವರ ಮನೆ, ಹೊಲ, ತೋಟಗಳನ್ನು ‘ಬಿಟ್ಟುಹೋದ ಆಸ್ತಿ’ ಎಂದು ಹೆಸರಿಸಿ ಕಾನೂನಿನ ಮೂಲಕ ಹಂಚಲಾಯಿತು. 1916ರ ಜನವರಿಯಲ್ಲಿ ಯುದ್ಧಮಂತ್ರಿ ಎನ್ವರ್ ಪಾಷಾ ಅವರು ಅರ್ಮೇನಿಯನ್, ಗ್ರೀಕ್ ಮತ್ತು ಬಲ್ಗೇರಿಯನ್ ಮೂಲದ ಸ್ಥಳನಾಮಗಳನ್ನು ತುರ್ಕಿ ಭಾಷೆಗೆ ಬದಲಿಸುವಂತೆ ಆಜ್ಞೆ ಹೊರಡಿಸಿದರು. ಯುದ್ಧಕಾಲದಲ್ಲಿ ಅದು ಸೈನ್ಯಕ್ಕೇ ಗೊಂದಲವುಂಟುಮಾಡಿದ್ದರಿಂದ ಕೆಲವೇ ತಿಂಗಳಲ್ಲಿ ಕೈಬಿಡಲಾಯಿತಾದರೂ, 1950ರ ದಶಕದಿಂದ ತಜ್ಞರ ಮಂಡಲಿಯೊಂದು ಆ ಕೆಲಸವನ್ನು ವ್ಯವಸ್ಥಿತವಾಗಿ ನಡೆಸಿತು. ಅರ್ಮೇನಿಯನ್, ಗ್ರೀಕ್, ಕುರ್ದಿಷ್, ಅರಬ್ಬೀ ಮೂಲದವೂ ಸೇರಿದಂತೆ 12 ಸಾವಿರಕ್ಕೂ ಹೆಚ್ಚು ಹಳ್ಳಿಗಳ ಹೆಸರು ಬದಲಾಯಿತು. ಪರ್ಚೆಂಜ್ ಆಕ್ಚಾಕಿರಾಜ್ ಆದದ್ದು ಈ ಧೋರಣೆಯ ಫಲ. ಅರ್ಮೇನಿಯನ್ನರು ‘ಹೊನ್ನಿನ ಬಯಲು’ ಎಂದು ಕರೆಯುತ್ತಿದ್ದ ಖರ್ಪೆರ್ತ್ ಬಯಲಿನ ಒಂದು ಭಾಗವು 1970ರ ದಶಕದಲ್ಲಿ ಕೆಬಾನ್ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತು. ಹೀಗೆ ಜನ, ಆಸ್ತಿ, ಹೆಸರು ಮತ್ತು ಕೆಲವೆಡೆ ನೆಲವೂ ಇಲ್ಲವಾದ ಮೇಲೆ ಊರೊಂದು ಇತ್ತೆಂಬುದಕ್ಕೆ ಊರವರ ಮಾತಲ್ಲದೆ ಬೇರೆ ಸಾಕ್ಷಿ ಉಳಿಯುವುದು ಕಷ್ಟ.

3. ಸ್ಮೃತಿಗ್ರಂಥದ ಹುಟ್ಟು

ವಿಪತ್ತನ್ನು ಬರೆದಿಡುವ ಪರಿಪಾಠ ಅರ್ಮೇನಿಯನ್ನರಿಗೆ ಹೊಸತಾಗಿರಲಿಲ್ಲ. ಮಧ್ಯಯುಗದ ಅರ್ಮೇನಿಯನ್ ಲಿಪಿಕಾರರು ಹಸ್ತಪ್ರತಿಯ ಕೊನೆಯಲ್ಲಿ ‘ಹಿಷದಗರಾನ್’ ಎಂಬ ಪುಷ್ಪಿಕೆಯನ್ನು ಬರೆಯುತ್ತಿದ್ದರು. ಪ್ರತಿ ಸಿದ್ಧವಾದ ಊರು, ವರ್ಷ, ಮಾಡಿಸಿದವರ ಹೆಸರುಗಳ ಜೊತೆಗೆ ಆ ಕಾಲದ ದಾಳಿ, ಬರ, ಸೆರೆ ಮೊದಲಾದ ಸಂಕಟಗಳನ್ನೂ ಅದರಲ್ಲಿ ದಾಖಲಿಸಿ, ಓದುವವರು ತಮ್ಮನ್ನು ಪ್ರಾರ್ಥನೆಯಲ್ಲಿ ನೆನೆಯಬೇಕೆಂದು ಬೇಡಿಕೊಳ್ಳುತ್ತಿದ್ದರು. ಆ ಪದದ ಮೂಲದಲ್ಲಿಯೂ ನೆನಪಿನ ಅರ್ಥವಿದೆ. ಗ್ರಂಥವೆಂಬುದು ಸತ್ತವರ ಹೆಸರು ಉಳಿಯುವ ತಾಣ ಎಂಬ ಭಾವನೆ ಆ ಸಂಸ್ಕೃತಿಯಲ್ಲಿ ಬಹುಕಾಲದಿಂದ ಬೇರೂರಿತ್ತು.

ಎರಡನೆಯ ಹಿನ್ನೆಲೆ ಸಾಹಿತ್ಯದ್ದು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಪಶ್ಚಿಮ ಅರ್ಮೇನಿಯನ್ ಸಾಹಿತ್ಯವು ರಾಜಧಾನಿಯಿಂದ ಹಳ್ಳಿಯ ಕಡೆಗೆ ಹೊರಳಿತು. ಖರ್ಪೆರ್ತಿನಲ್ಲಿ ಅಧ್ಯಾಪಕರಾಗಿದ್ದ ತ್ಲ್ಗಾದಿನ್‌ತ್ಸಿ ಈ ಪಂಥದ ಹಿರಿಯರು. ತಮ್ಮ ಹುಟ್ಟೂರಾದ ತ್ಲ್ಗಾದಿನ್ ಹಳ್ಳಿಯ ಹೆಸರನ್ನೇ ಅವರು ಕಾವ್ಯನಾಮವಾಗಿ ಇಟ್ಟುಕೊಂಡಿದ್ದರು. ಅವರೂ ಅವರ ಶಿಷ್ಯ ರೂಬೆನ್ ಜಾರ್ತಾರಿಯನ್ ಅವರೂ 1915ರಲ್ಲಿ ಹತರಾದರು. ಅದೇ ಪರಂಪರೆಯ ಕಿರಿಯರಾದ ಹಮಸ್ದೆಘ್ ಎಂಬ ಕಥೆಗಾರ 1913ರಲ್ಲಿಯೇ ಅಮೆರಿಕಕ್ಕೆ ಹೋಗಿದ್ದರಿಂದ ಉಳಿದುಕೊಂಡರು. 1924ರಲ್ಲಿ ಬಾಸ್ಟನ್ನಿನಲ್ಲಿ ಪ್ರಕಟವಾದ ಅವರ ಮೊದಲ ಕಥಾಸಂಕಲನದ ಹೆಸರು ‘ಹಳ್ಳಿ’ ಎಂದೇ ಇದೆ. ಅವರು ಹುಟ್ಟಿದ್ದು ಪರ್ಚೆಂಜಿನಲ್ಲಿ. ಒಂದೇ ಊರು ಹದಿನಾಲ್ಕು ವರ್ಷಗಳ ಅಂತರದಲ್ಲಿ ಒಮ್ಮೆ ಕಥೆಯಾಗಿಯೂ ಇನ್ನೊಮ್ಮೆ ಚರಿತ್ರೆಯಾಗಿಯೂ ಒಂದೇ ಪರನಗರದಲ್ಲಿ ಅಚ್ಚಾದದ್ದು ಈ ಸಾಹಿತ್ಯದ ಸ್ವರೂಪವನ್ನು ತಿಳಿಯಲು ಒಳ್ಳೆಯ ನಿದರ್ಶನ.

ಮೂರನೆಯದು ಊರ ಸಂಘಗಳು. ಖರ್ಪೆರ್ತ್ ಬಯಲಿನ ಯುವಕರು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಿಂದಲೇ ಕೂಲಿಗಾಗಿ ಅಮೆರಿಕದ ಕಾರ್ಖಾನೆ ಪಟ್ಟಣಗಳಿಗೆ ಹೋಗುತ್ತಿದ್ದರು. ಅಲ್ಲಿ ಒಂದೊಂದು ಹಳ್ಳಿಯವರು ಸೇರಿ ವಿದ್ಯಾಸಂಘ ಕಟ್ಟಿ, ಚಂದಾ ಎತ್ತಿ, ಊರಿನ ಶಾಲೆಗೆ ಹಣ ಕಳುಹಿಸುತ್ತಿದ್ದರು. 1915ರ ನಂತರ ಹಣ ಕಳುಹಿಸಲು ಶಾಲೆ ಉಳಿಯಲಿಲ್ಲ, ಮಕ್ಕಳೂ ಉಳಿಯಲಿಲ್ಲ. ಸಂಘಗಳು ಮಾತ್ರ ಉಳಿದವು. ಮೊದಲು ಅನಾಥರನ್ನು ಹುಡುಕುವುದಕ್ಕೂ ನಿರಾಶ್ರಿತರಿಗೆ ನೆರವಾಗುವುದಕ್ಕೂ ಅವು ದುಡಿದವು. ವರ್ಷಗಳು ಕಳೆದು ಊರನ್ನು ಕಂಡ ತಲೆಮಾರು ಮುಪ್ಪಿಗೆ ಸಂದಾಗ, ಶಾಲೆ ಕಟ್ಟಲು ಹುಟ್ಟಿದ ಸಂಘಗಳು ಹೊತ್ತಗೆ ಅಚ್ಚುಹಾಕಿಸುವ ಕೆಲಸಕ್ಕೆ ತೊಡಗಿದವು. ಸ್ಮೃತಿಗ್ರಂಥಗಳ ಬಹುಭಾಗ ವಿಶ್ವವಿದ್ಯಾಲಯಗಳ ಆಶ್ರಯದಲ್ಲಿ ಬಂದುದಲ್ಲ. ಊರವರ ಚಂದಾ ಹಣದಿಂದ ಬಂದುದು.

4. ಗ್ರಂಥಗಳ ಸ್ವರೂಪ

ಈ ಗ್ರಂಥಗಳ ಗಾತ್ರ ಮತ್ತು ಗುಣಮಟ್ಟ ಒಂದೇ ತೆರನಾಗಿಲ್ಲ. ಅರ್ಷಗ್ ಆಲ್ಬೊಯಾಜಿಯನ್ ಅವರು ಕೈರೋದಲ್ಲಿ 1937ರಲ್ಲಿ ಪ್ರಕಟಿಸಿದ ಕೇಸರಿಯಾ ಅರ್ಮೇನಿಯನ್ನರ ಚರಿತ್ರೆ ಪಾಂಡಿತ್ಯಪೂರ್ಣವಾದ ಎರಡು ಸಂಪುಟಗಳ ಕೃತಿ. ವಾಹೆ ಹಾಯ್ಗ್ ಅವರ ‘ಖರ್ಪೆರ್ತ್ ಮತ್ತು ಅದರ ಹೊನ್ನಿನ ಬಯಲು’ 1959ರಲ್ಲಿ ನ್ಯೂಯಾರ್ಕಿನಲ್ಲಿ ಅಚ್ಚಾದ, ಸುಮಾರು 1,500 ಪುಟಗಳ ಮಹಾಗ್ರಂಥ. ಇನ್ನೊಂದೆಡೆ ಅಷ್ಟೇನೂ ಓದಿಲ್ಲದ ರೈತ, ಕಮ್ಮಾರ ಅಥವಾ ಅಂಗಡಿಕಾರ ತನ್ನ ನೆನಪಿನಿಂದಲೇ ಬರೆದ ಸಣ್ಣ ಪುಸ್ತಕಗಳೂ ಇವೆ.

ಒಳರಚನೆಯಲ್ಲಿ ಮಾತ್ರ ಎದ್ದುಕಾಣುವ ಸಾಮ್ಯವಿದೆ. ಊರಿನ ನೆಲೆ, ಸುತ್ತಣ ಬೆಟ್ಟ, ನೀರಿನ ಒರತೆಗಳ ವರ್ಣನೆಯಿಂದ ಗ್ರಂಥ ಆರಂಭವಾಗುತ್ತದೆ. ಅನಂತರ ಹೊಲ, ದ್ರಾಕ್ಷಿತೋಟ, ಗಿರಣಿ ಮತ್ತು ಕಣಗಳ ಹೆಸರುಗಳು ಬರುತ್ತವೆ. ಚರ್ಚು, ಶಾಲೆ, ಪಾದ್ರಿಗಳು ಮತ್ತು ಉಪಾಧ್ಯಾಯರ ವಿವರಗಳಿಗೆ ಪ್ರತ್ಯೇಕ ಅಧ್ಯಾಯಗಳಿರುತ್ತವೆ. ಮುಂದೆ ಮನೆತನಗಳ ಪಟ್ಟಿ. ಯಾವ ಮನೆಯ ಪಕ್ಕ ಯಾವ ಮನೆ, ಯಾವ ಮನೆತನಕ್ಕೆ ಯಾವ ಅಡ್ಡಹೆಸರು, ಯಾರು ಯಾವ ಊರಿಂದ ಸೊಸೆ ತಂದರು ಎಂಬ ವಿವರಗಳು. ಜೆರೋನ್ ಅವರ ಗ್ರಂಥವು ಪರ್ಚೆಂಜಿನ ಮನೆತನಗಳ ವಂಶಾವಳಿಗಳಿಂದಾಗಿ ಇಂದಿಗೂ ಸಂಶೋಧಕರಿಗೆ ಉಪಯುಕ್ತವಾಗಿದೆ.

ದೈನಂದಿನ ಬದುಕಿನ ವರ್ಣನೆ ಈ ಗ್ರಂಥಗಳ ಅತ್ಯಂತ ಸಮೃದ್ಧ ಭಾಗ. ನೆಲದಲ್ಲಿ ಹೂತ ‘ತೊನಿರ್’ ಎಂಬ ಒಲೆಯ ಸುತ್ತ ಅವಿಭಕ್ತ ಕುಟುಂಬ ಚಳಿಗಾಲ ಕಳೆಯುತ್ತಿದ್ದ ರೀತಿ, ಮಣ್ಣಿನ ಮಾಳಿಗೆಯ ಮೇಲೆ ಹಿಪ್ಪುನೇರಳೆ ಹಣ್ಣು ಒಣಗಿಸುವುದು, ಗೋಧಿ ಬೇಯಿಸಿ ಒಣಗಿಸಿ ನುಚ್ಚು ಮಾಡುವುದು, ದ್ರಾಕ್ಷಿರಸವನ್ನು ಕುದಿಸಿ ಬಟ್ಟೆಯ ಮೇಲೆ ಹಾಳೆಯಂತೆ ಹರಡಿ ಒಣಗಿಸುವ ‘ಬಸ್ದೆಘ್’, ಮದುವೆ ಹಬ್ಬಗಳ ಕಟ್ಟಳೆ, ನಾಟಿ ಮದ್ದು, ಗಾದೆ, ಒಗಟು, ಮಕ್ಕಳ ಆಟ ಇವೆಲ್ಲವೂ ಸೂಕ್ಷ್ಮವಾಗಿ ದಾಖಲಾಗಿವೆ. ಪ್ರಾದೇಶಿಕ ನುಡಿಯ ಪದಕೋಶವನ್ನು ಅನುಬಂಧವಾಗಿ ಸೇರಿಸುವುದು ಅನೇಕ ಗ್ರಂಥಗಳ ಪದ್ಧತಿ. ಕೆಲವು ಉಪಭಾಷೆಗಳನ್ನು ಆಡುವವರೇ ಚದುರಿಹೋಗಿರುವುದರಿಂದ ಇಂಥ ಪದಪಟ್ಟಿಗಳು ಭಾಷಾವಿಜ್ಞಾನಕ್ಕೆ ಅಮೂಲ್ಯವಾಗಿವೆ. ಹಳ್ಳಿಹಾಡುಗಳ ವಿಷಯದಲ್ಲಿ ಸಂಗೀತಜ್ಞ ಪಾದ್ರಿ ಕೋಮಿತಾಸ್ ಅವರು 1915ಕ್ಕೆ ಮುನ್ನ ಮಾಡಿದ ಸಂಗ್ರಹ ಇದಕ್ಕೆ ಪೂರಕವಾದುದು. ಏಪ್ರಿಲ್ 24ರಂದು ಬಂಧಿತರಾದವರಲ್ಲಿ ಅವರೂ ಒಬ್ಬರು. ಜೀವ ಉಳಿಯಿತಾದರೂ ಅವರ ಮನಸ್ಸು ಚೇತರಿಸಿಕೊಳ್ಳಲಿಲ್ಲ. 1935ರಲ್ಲಿ ಅವರು ಪ್ಯಾರಿಸಿನಲ್ಲಿ ನಿಧನರಾದರು. ಅವರು ಕಲೆಹಾಕಿದ ಹಾಡುಗಳಲ್ಲಿ ಬಹುಪಾಲು ಕಳೆದುಹೋಗಿವೆ.

ಹತ್ಯಾಕಾಂಡದ ವರ್ಣನೆ ಸಾಮಾನ್ಯವಾಗಿ ಗ್ರಂಥದ ಕೊನೆಯ ಭಾಗದಲ್ಲಿ ಬರುತ್ತದೆ. ಅನೇಕ ವೇಳೆ ಅದಕ್ಕೆ ದೊರೆಯುವ ಪುಟಗಳು ಉಳಿದ ಅಧ್ಯಾಯಗಳಿಗಿಂತ ಕಡಿಮೆ. ಇದನ್ನು ಕೊರತೆಯೆಂದು ತಿಳಿಯಬೇಕಾಗಿಲ್ಲ. ಸತ್ತ ಬಗೆಯೊಂದರಿಂದಲೇ ತಮ್ಮವರು ಗುರುತಿಸಲ್ಪಡಬಾರದು, ಬದುಕಿದ್ದ ಬಗೆಯೂ ತಿಳಿಯಬೇಕು ಎಂಬ ಹಂಬಲ ಇದರ ಹಿಂದಿದೆ. ಒಂದು ಸಮುದಾಯದ ಮೇಲಿನ ಹಿಂಸೆಯ ಪ್ರಮಾಣ ಅರಿವಿಗೆ ಬರಬೇಕಾದರೆ ಕಳೆದುಹೋದುದು ಏನೆಂಬುದು ಮೊದಲು ಗೊತ್ತಾಗಬೇಕು. ಒಲೆ, ಒರತೆ, ಅಡ್ಡಹೆಸರುಗಳ ಪಟ್ಟಿ ಈ ಕೆಲಸವನ್ನು ಮಾಡುತ್ತದೆ. ಎರಡನೆಯ ಮಹಾಯುದ್ಧದ ಅನಂತರ ಪೂರ್ವ ಯುರೋಪಿನ ಯಹೂದಿಗಳು ನಾಶವಾದ ತಮ್ಮ ಪಟ್ಟಣಗಳ ಬಗೆಗೆ ಹೊರತಂದ ಸ್ಮರಣಗ್ರಂಥಗಳಲ್ಲಿಯೂ ಇದೇ ಪ್ರವೃತ್ತಿಯನ್ನು ಕಾಣಬಹುದು.

5. ಹೆಸರುಗಳ ಮರುನೆಲೆ

ನೆನಪು ಪುಸ್ತಕಕ್ಕೆ ಮಾತ್ರ ಸೀಮಿತವಾಗಲಿಲ್ಲ. ಸೋವಿಯತ್ ಅರ್ಮೇನಿಯಾದ ರಾಜಧಾನಿ ಎರೆವಾನ್ ಹಾಗೂ ಅದರ ಸುತ್ತಮುತ್ತ 1920ರ ದಶಕದಿಂದ ಊರ ಸಂಘಗಳ ನೆರವಿನಿಂದ ನೆಲೆಗೊಂಡ ಬಡಾವಣೆ ಹಾಗೂ ಹಳ್ಳಿಗಳಿಗೆ ಹೊಸ ಅರಬ್ಕಿರ್, ಹೊಸ ಮಲಾತಿಯಾ, ಹೊಸ ಖರ್ಬೆರ್ದ್ ಎಂಬ ಹೆಸರುಗಳು ಬಂದವು. ಟರ್ಕಿಯ ನಕ್ಷೆಯಿಂದ ಹಳೆಯ ಹೆಸರುಗಳು ಅಳಿಯುತ್ತಿದ್ದ ಕಾಲದಲ್ಲಿ ಅವು ಬೇರೊಂದು ನಕ್ಷೆಯಲ್ಲಿ ಮೂಡುತ್ತಿದ್ದವು.

ಮೂಸಾ ದಾಗ್ ಪರ್ವತದ ಹಳ್ಳಿಗಳ ಕಥೆ ಈ ದೃಷ್ಟಿಯಿಂದ ವಿಶಿಷ್ಟವಾದುದು. ಮೆಡಿಟರೇನಿಯನ್ ತೀರದ ಈ ಆರು ಹಳ್ಳಿಗಳ ಬಹುಮಂದಿ 1915ರಲ್ಲಿ ಗಡೀಪಾರಿನ ಆಜ್ಞೆಯನ್ನು ಧಿಕ್ಕರಿಸಿ ಬೆಟ್ಟವೇರಿ ಕಾದಾಡಿದರು. ಸೆಪ್ಟೆಂಬರಿನಲ್ಲಿ ಫ್ರೆಂಚ್ ಯುದ್ಧನೌಕೆಗಳು ನಾಲ್ಕು ಸಾವಿರಕ್ಕೂ ಹೆಚ್ಚು ಜನರನ್ನು ಈಜಿಪ್ಟಿನ ಪೋರ್ಟ್ ಸಯೀದಿಗೆ ಸಾಗಿಸಿದವು. ಫ್ರಾಂಜ್ ವೆರ್ಫೆಲ್ ಅವರ 1933ರ ಜರ್ಮನ್ ಕಾದಂಬರಿಯಿಂದ ಈ ಘಟನೆ ಲೋಕವಿಖ್ಯಾತವಾಯಿತು. ಯುದ್ಧಾನಂತರ ಅವರು ಊರಿಗೆ ಮರಳಿದರು. 1939ರಲ್ಲಿ ಆ ಪ್ರದೇಶ ಟರ್ಕಿಗೆ ಸೇರಿದಾಗ ಬಹುಪಾಲು ಜನ ಮತ್ತೆ ಹೊರಟು ಲೆಬನಾನಿನ ಅಂಜಾರ್ ಎಂಬಲ್ಲಿ ನೆಲೆಸಿದರು. ಅಂಜಾರಿನ ಆರು ಕೇರಿಗಳಿಗೆ ಹಿಂದಿನ ಆರು ಹಳ್ಳಿಗಳ ಹೆಸರುಗಳೇ ಇವೆ. ಪ್ರತಿ ಸೆಪ್ಟೆಂಬರಿನಲ್ಲಿ ಅಲ್ಲಿ ದೊಡ್ಡ ಹಂಡೆಗಳಲ್ಲಿ ಗೋಧಿ ಮತ್ತು ಮಾಂಸದ ‘ಹರಿಸಾ’ವನ್ನು ರಾತ್ರಿಯಿಡೀ ಬೇಯಿಸಿ ಎಲ್ಲರಿಗೂ ಹಂಚುತ್ತಾರೆ. ಆರರಲ್ಲಿ ಒಂದಾದ ವಕಿಫ್ಲಿ ಮಾತ್ರ ಮೂಲಸ್ಥಳದಲ್ಲಿಯೇ ಉಳಿದು, ಟರ್ಕಿಯ ಏಕೈಕ ಅರ್ಮೇನಿಯನ್ ಗ್ರಾಮವೆಂದು ಹೆಸರಾಗಿದೆ. 2023ರ ಫೆಬ್ರವರಿಯ ಭೂಕಂಪದಲ್ಲಿ ಅದರ ಚರ್ಚು ಮತ್ತು ಅನೇಕ ಮನೆಗಳು ಹಾನಿಗೊಂಡವು. 2,925 ಊರುಗಳ ಲೆಕ್ಕದ ಎದುರು ಈ ಒಂದನ್ನು ಇಟ್ಟು ನೋಡಿದಾಗ ನಷ್ಟದ ಪ್ರಮಾಣ ಮನವರಿಕೆಯಾಗುತ್ತದೆ.

6. ಸ್ಮೃತಿಯ ಮಿತಿಗಳು

ಸ್ಮೃತಿಗ್ರಂಥಗಳನ್ನು ಆಕರವಾಗಿ ಬಳಸುವಾಗ ಕೆಲವು ಎಚ್ಚರಗಳು ಅಗತ್ಯ. ಮೊದಲನೆಯದಾಗಿ, ಇವುಗಳಲ್ಲಿ ಊರು ಬಹುಮಟ್ಟಿಗೆ ಆದರ್ಶೀಕೃತವಾಗಿದೆ. ಸಾಲ, ಜಮೀನಿನ ವ್ಯಾಜ್ಯ, ಪಕ್ಷಗಳ ಒಳಜಗಳ, ಸೊಸೆಯಂದಿರ ಕಷ್ಟಗಳು ಹಲವು ಗ್ರಂಥಗಳಲ್ಲಿ ಹಿನ್ನೆಲೆಗೆ ಸರಿದಿವೆ. ಎರಡನೆಯದಾಗಿ, ಗ್ರಂಥಕರ್ತರಲ್ಲಿ ಅನೇಕರು 1915ಕ್ಕೆ ಮೊದಲೇ ಊರು ಬಿಟ್ಟವರು. ಅವರು ಬಣ್ಣಿಸುವ ಊರು ಅವರ ಬಾಲ್ಯದ ಊರು. ಕೊನೆಯ ದಿನಗಳ ವೃತ್ತಾಂತಕ್ಕೆ ಅವರು ಬದುಕುಳಿದವರ ಮಾತನ್ನು ಅವಲಂಬಿಸಿದ್ದಾರೆ. ಮೂರನೆಯದಾಗಿ, ಬರೆದವರು ಬಹುತೇಕ ಗಂಡಸರು. ಆದರೆ ಗಡೀಪಾರಿನ ದಾರಿಯನ್ನು ನಡೆದವರಲ್ಲಿ ಹೆಚ್ಚಿನವರು ಹೆಂಗಸರು ಮತ್ತು ಮಕ್ಕಳು. ಈ ಅಸಮತೋಲವನ್ನು ಮುಂದೆ ಮೌಖಿಕ ಚರಿತ್ರೆಯ ಸಂಗ್ರಹಗಳು ಒಂದಿಷ್ಟು ಸರಿಪಡಿಸಿದವು. ಅರ್ಮೇನಿಯಾದಲ್ಲಿ ವೆರ್ಜಿನೇ ಸ್ವಜ್ಲಿಯನ್ ಅವರು 1955ರಿಂದ ದಶಕಗಳ ಕಾಲ ನಡೆಸಿದ ಸಂದರ್ಶನಗಳೂ, ಅಮೆರಿಕದಲ್ಲಿ ಡೊನಾಲ್ಡ್ ಮತ್ತು ಲೋರ್ನಾ ಮಿಲ್ಲರ್ ದಂಪತಿಗಳು 1993ರಲ್ಲಿ ಪ್ರಕಟಿಸಿದ ಅಧ್ಯಯನವೂ ಇಲ್ಲಿ ಉಲ್ಲೇಖನೀಯ.

ಎಲ್ಲಕ್ಕಿಂತ ದೊಡ್ಡ ಮೌನ ಊರಿನಲ್ಲಿಯೇ ಉಳಿದವರದು. ಅಪಹರಣಕ್ಕೊಳಗಾಗಿ ಅಥವಾ ಆಶ್ರಯ ಪಡೆದು ಮುಸ್ಲಿಂ ಮನೆಗಳಲ್ಲಿ ಹೆಸರು, ಧರ್ಮ ಮತ್ತು ಭಾಷೆಯನ್ನು ಬದಲಿಸಿಕೊಂಡು ಬದುಕಿದ ಹೆಣ್ಣುಮಕ್ಕಳ ಸಂಖ್ಯೆ ದೊಡ್ಡದು. ಪರದೇಶದ ಗ್ರಂಥಗಳಲ್ಲಿ ಅವರನ್ನು ಕಳೆದುಹೋದವರ ಪಟ್ಟಿಗೆ ಸೇರಿಸಲಾಗಿತ್ತು. ಈ ಮೌನವನ್ನು ಮುರಿದ ಕೃತಿಗಳಲ್ಲಿ ಫೆತಿಯೇ ಚೇತಿನ್ ಅವರು 2004ರಲ್ಲಿ ಇಸ್ತಾಂಬುಲಿನಲ್ಲಿ ತುರ್ಕಿ ಭಾಷೆಯಲ್ಲಿ ಪ್ರಕಟಿಸಿದ ‘ಅನ್ನೆಅನ್ನೆಮ್’ ಮುಖ್ಯವಾದುದು. ಅದರ ಅರ್ಥ ‘ನನ್ನ ಅಜ್ಜಿ’, ಅಂದರೆ ತಾಯಿಯ ತಾಯಿ. ಸೆಹೆರ್ ಎಂದು ಎಲ್ಲರೂ ಬಲ್ಲ ಅಜ್ಜಿ ಮೂಲತಃ ಹಬಾಬ್ ಎಂಬ ಹಳ್ಳಿಯ ಹೆರಾನೂಷ್ ಎಂಬ ಅರ್ಮೇನಿಯನ್ ಬಾಲಕಿಯಾಗಿದ್ದಳೆಂಬುದು ಮೊಮ್ಮಗಳಿಗೆ ತಿಳಿದದ್ದು ತಾನು ಬೆಳೆದು ದೊಡ್ಡವಳಾದ ಮೇಲೆ. ಗಡೀಪಾರಿನ ದಾರಿಯಲ್ಲಿ ತಾಯಿಯ ಕೈಯಿಂದ ಕಿತ್ತುಕೊಳ್ಳಲ್ಪಟ್ಟ ಆ ಬಾಲಕಿ ಮುಂದೆ ಮುಸ್ಲಿಂ ಗೃಹಿಣಿಯಾಗಿ ಬಾಳಿದಳು. ಈ ಪುಸ್ತಕದ ಅನಂತರ ಟರ್ಕಿಯ ಹಲವು ಮನೆಗಳಲ್ಲಿ ಇಂಥ ಅಜ್ಜಿಯರ ಬಗೆಗೆ ಮಾತು ಆರಂಭವಾಯಿತು. ಇಂದು ಎಕಿನೋಜು ಎಂದು ಕರೆಯಲ್ಪಡುವ ಹಬಾಬಿನಲ್ಲಿ ಅರ್ಮೇನಿಯನ್ನರ ಕಾಲದ ಎರಡು ಕಲ್ಲಿನ ಕಾರಂಜಿಗಳು ಪಾಳುಬಿದ್ದಿದ್ದವು. ಚೇತಿನ್ ಅವರ ಪ್ರಯತ್ನದಿಂದ 2011ರಲ್ಲಿ ಅವು ಜೀರ್ಣೋದ್ಧಾರಗೊಂಡು ಮತ್ತೆ ನೀರು ಹರಿಯಿತು.

ಪರದೇಶದಲ್ಲಿ ಬರೆದ ಗ್ರಂಥ ಮತ್ತು ಊರಿನಲ್ಲಿ ಹುದುಗಿದ್ದ ಅಜ್ಜಿಯ ಮಾತು ಒಂದೇ ಸಮುದಾಯದ ನೆನಪಿನ ಎರಡು ಅರ್ಧಗಳು. ಮೊದಲನೆಯದರಲ್ಲಿ ಊರಿನ ಹೆಸರಿದೆ, ಆದರೆ ಊರಿನ ನೆಲವಿಲ್ಲ. ಎರಡನೆಯದರಲ್ಲಿ ನೆಲವಿದೆ, ಹೆಸರನ್ನು ಬಾಯಿಬಿಟ್ಟು ಹೇಳುವ ಸ್ವಾತಂತ್ರ್ಯವಿರಲಿಲ್ಲ. ಇವೆರಡನ್ನೂ ಜೊತೆಗಿಟ್ಟು ಓದದೆ ಈ ಗ್ರಾಮಗಳ ಚರಿತ್ರೆ ಪೂರ್ಣವಾಗಲಾರದು.

7. ಉಪಸಂಹಾರ

ಬಹುಕಾಲ ಈ ಗ್ರಂಥಗಳು ಸಂಘದ ಸದಸ್ಯರ ಮನೆಗಳಲ್ಲಿಯೂ ಕೆಲವೇ ಗ್ರಂಥಾಲಯಗಳಲ್ಲಿಯೂ ಉಳಿದಿದ್ದವು. ವೃತ್ತಿಪರ ಇತಿಹಾಸಕಾರರು ಇವನ್ನು ಊರಭಿಮಾನದ ಬರಹಗಳೆಂದು ಬದಿಗಿಟ್ಟದ್ದೂ ಉಂಟು. ಇತ್ತೀಚಿನ ದಶಕಗಳಲ್ಲಿ ಈ ದೃಷ್ಟಿ ಬದಲಾಗಿದೆ. 2010ರಲ್ಲಿ ಬರ್ಲಿನ್ ನಗರದಲ್ಲಿ ಆರಂಭವಾದ ‘ಹುಷಮದ್ಯಾನ್’ ಎಂಬ ಸಂಸ್ಥೆ ಈ ಪರಂಪರೆಯ ಹೆಸರನ್ನೇ ಇಟ್ಟುಕೊಂಡು, ಹಳೆಯ ಗ್ರಂಥಗಳು, ಕುಟುಂಬಗಳ ಛಾಯಾಚಿತ್ರಗಳು ಮತ್ತು ಪತ್ರಗಳ ಆಧಾರದಿಂದ ಆಟೋಮನ್ ಅರ್ಮೇನಿಯನ್ನರ ದೈನಂದಿನ ಬದುಕನ್ನು ಪುನರ್ನಿರೂಪಿಸುತ್ತಿದೆ. ಆದರೆ ಈ ಗ್ರಂಥಗಳು ಬಹುಮಟ್ಟಿಗೆ ಪಶ್ಚಿಮ ಅರ್ಮೇನಿಯನ್ ಭಾಷೆಯಲ್ಲಿವೆ. ಆ ಭಾಷೆ ಖಚಿತವಾಗಿ ಅಪಾಯದಲ್ಲಿದೆಯೆಂದು ಯುನೆಸ್ಕೋ 2010ರಲ್ಲಿ ಗುರುತಿಸಿದೆ. ಊರನ್ನು ಉಳಿಸಿದ ಹೊತ್ತಗೆಯನ್ನು ಓದಬಲ್ಲವರು ಊರವರ ಮೊಮ್ಮಕ್ಕಳಲ್ಲಿಯೂ ವಿರಳರಾಗುತ್ತಿದ್ದಾರೆ. ಜೆರೋನ್ ಅವರ ಗ್ರಂಥ 1984ರಲ್ಲಿ ಇಂಗ್ಲಿಷಿಗೆ ಅನುವಾದಗೊಂಡದ್ದು ಇಂಥ ಅಗತ್ಯದಿಂದಲೇ. ಅನುವಾದವಾಗದೆ ಉಳಿದಿರುವ ಗ್ರಂಥಗಳೇ ಹೆಚ್ಚು.

ಸ್ಮೃತಿಗ್ರಂಥವು ಸತ್ತವರನ್ನು ಹಿಂದಕ್ಕೆ ತರಲಾರದು, ಕಸಿದುಕೊಂಡ ಹೊಲವನ್ನು ಮರಳಿ ಕೊಡಿಸಲಾರದು. ಅದು ಮಾಡಬಲ್ಲದ್ದು ಒಂದು ಸೀಮಿತ ಕಾರ್ಯ: ಇಂಥ ಸ್ಥಳದಲ್ಲಿ ಇಂಥ ಊರಿತ್ತು, ಅಲ್ಲಿ ಇಂಥವರು ಹೀಗೆ ಬಾಳಿದರು ಎಂದು ಹೆಸರು ಹಿಡಿದು ಹೇಳುವುದು. ನಾಶದ ಎರಡನೆಯ ಹಂತವು ಹೆಸರುಗಳನ್ನೇ ಗುರಿಯಾಗಿಸಿಕೊಂಡಿದ್ದರಿಂದ ಈ ಸೀಮಿತ ಕಾರ್ಯಕ್ಕೆ ಅಸಾಧಾರಣ ಮಹತ್ವ ಬಂದಿದೆ. ಆಕ್ಚಾಕಿರಾಜಿನ ಈಗಿನ ನಿವಾಸಿ ತನ್ನ ಊರಿನ ಪೂರ್ವಚರಿತ್ರೆಯನ್ನು ಅರಿಯಲು ಬಯಸಿದರೂ 1938ರಲ್ಲಿ ಬಾಸ್ಟನ್ನಿನಲ್ಲಿ ಅಚ್ಚಾದ ಆ ಹೊತ್ತಗೆಯನ್ನೇ ತೆರೆಯಬೇಕಾಗುತ್ತದೆ. ಅದರಲ್ಲಿ ಪರ್ಚೆಂಜ್ ಎಂಬ ಹೆಸರು ಅಳಿಯದೆ ಉಳಿದಿದೆ.